ಜೇಬಿಗಿಳಿದ ಟಿ.ವಿ.: ಮೊಬೈಲ್ ವಿಡಿಯೊ ಮತ್ತು ಕನ್ನಡ ಕಿರುತೆರೆ



ದತ್ತಿ ಉಪನ್ಯಾಸಕ್ಕೆ ಬರುವವರು ಸಾಮಾನ್ಯವಾಗಿ ಮುಗಿದುಹೋದ ವಿಷಯವನ್ನೇ ಆರಿಸಿಕೊಳ್ಳುತ್ತಾರೆ. ಅದರಲ್ಲಿ ಅಪಾಯ ಕಡಿಮೆ. ನಾನು ಆರಿಸಿಕೊಂಡಿರುವುದು ಇನ್ನೂ ನಡೆಯುತ್ತಿರುವ ಸಂಗತಿ. ಟಿ.ವಿ. ಎಂಬುದು ಗೋಡೆಯಿಂದ ಇಳಿದು ಜೇಬಿಗೆ ಸೇರಿದೆ. ಇದರಿಂದ ಕಾರ್ಯಕ್ರಮ ಮಾಡುವ ಬಗೆ, ಅದನ್ನು ಜನರಿಗೆ ಮುಟ್ಟಿಸುವ ಬಗೆ, ಯಾವುದನ್ನು ಮುಟ್ಟಿಸಬೇಕು ಎಂದು ತೀರ್ಮಾನಿಸುವ ಅಧಿಕಾರ, ಈ ಮೂರೂ ಕದಲಿವೆ. ನನ್ನ ಮಾತು ಈ ಮೂರರ ಸುತ್ತ ಇರುತ್ತದೆ. ಕೊನೆಯಲ್ಲಿ ಹಕ್ಕುಗಳ ಬಗ್ಗೆ ಸ್ವಲ್ಪ ಹೇಳಬೇಕಿದೆ. ಉದಾಹರಣೆಗಳನ್ನು ಹೆಚ್ಚಾಗಿ ಕನ್ನಡ ಟೆಲಿವಿಷನ್ನಿನಿಂದಲೇ ತೆಗೆದುಕೊಳ್ಳುತ್ತೇನೆ. ಮೊಬೈಲ್ ನೋಡಿ ಮಕ್ಕಳು ಕೆಟ್ಟರೇ ಎಂಬ ಪ್ರಶ್ನೆಯನ್ನು ಮಾತ್ರ ಎತ್ತುವುದಿಲ್ಲ. ಟಿ.ವಿ. ಬಂದಾಗಲೂ ಇದೇ ಪ್ರಶ್ನೆ ಕೇಳಿದ್ದೆವು. ಆಗ ಕೆಟ್ಟ ಮಕ್ಕಳೇ ಈಗ ಇದನ್ನು ಕೇಳುತ್ತಿರುವ ತಂದೆ ತಾಯಿಗಳು.

ಮೊದಲು ಸ್ವಲ್ಪ ಹಿನ್ನೆಲೆ. ಕರ್ನಾಟಕಕ್ಕೆ ಟಿ.ವಿ. ಬಂದದ್ದು ಬೆಂಗಳೂರಿನ ಮೂಲಕ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ 'ಸೈಟ್' ಎಂಬ ಟಿ.ವಿ. ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದವು ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳು. ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ ದೊಡ್ಡ ಆಂಟೆನಾ, ಊರಿಗೊಂದೇ ಪೆಟ್ಟಿಗೆ, ಅದರ ಮುಂದೆ ಊರಿನ ಜನ. ಬೆಳಗ್ಗೆ ಶಾಲಾಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಉತ್ತರ ಕರ್ನಾಟಕದ ರೈತರು ಕನ್ನಡದಲ್ಲಿ ಟಿ.ವಿ. ನೋಡಿದ್ದರು. ವರ್ಷ ತುಂಬಿದ ಕೂಡಲೇ ಉಪಗ್ರಹದ ಒಡೆಯರು ಅದನ್ನು ಬೇರೆಡೆಗೆ ಸರಿಸಿಕೊಂಡರು, ಪ್ರಯೋಗ ಮುಗಿಯಿತು. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆಮೇಲಿನದು ನಿಮಗೆ ಗೊತ್ತಿರುವ ಕಥೆ. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣ ಬಂತು. 1994ರಲ್ಲಿ ಉದಯ ಟಿ.ವಿ., 2000ದ ಕೊನೆಯಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ ಬಂದವು. ಇದೇ ಅವಧಿಯಲ್ಲಿ, ನಾವು ಗಮನಿಸದ ಇನ್ನೆರಡು ಘಟನೆಗಳು ನಡೆದಿದ್ದವು. 2005ರ ಏಪ್ರಿಲ್‌ನಲ್ಲಿ ಯೂಟ್ಯೂಬಿಗೆ ಮೊದಲ ವಿಡಿಯೊ ಏರಿತು. ಪ್ರಾಣಿಸಂಗ್ರಹಾಲಯದಲ್ಲಿ ಆನೆಗಳ ಮುಂದೆ ನಿಂತ ಯುವಕನೊಬ್ಬನ 19 ಸೆಕೆಂಡಿನ ಮಾತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿ ವಿಡಿಯೊ ತೋರಿಸುವ ಐಪಾಡನ್ನು ಮಾರುಕಟ್ಟೆಗೆ ಬಿಟ್ಟು, ಅಮೆರಿಕದ ಎಬಿಸಿ ಚಾನೆಲ್ಲಿನ ಧಾರಾವಾಹಿಗಳ ಕಂತುಗಳನ್ನು ಬಿಡಿಬಿಡಿಯಾಗಿ, ಕಂತಿಗೆ 1.99 ಡಾಲರಿನಂತೆ ಮಾರತೊಡಗಿತು. ಒಂದು, ಯಾರು ಬೇಕಾದರೂ ಪ್ರಸಾರ ಮಾಡಬಹುದೆಂದು ತೋರಿಸಿತು. ಇನ್ನೊಂದು, ಕಾರ್ಯಕ್ರಮಕ್ಕೆ ಚಾನೆಲ್ಲೂ ಬೇಡ, ವೇಳಾಪಟ್ಟಿಯೂ ಬೇಡ ಎಂದು ತೋರಿಸಿತು. ಇವೆರಡೂ ನಮ್ಮಲ್ಲಿ ಮನೆಮಾತಾಗಲು ಹನ್ನೊಂದು ವರ್ಷ ಹಿಡಿಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊದ ಅಗ್ಗದ ಮೊಬೈಲ್ ಡೇಟಾ ಬಂದಮೇಲೆ, ತಿಂಗಳಿಡೀ ಒಂದು ಜಿ.ಬಿ.ಯನ್ನು ಎಣಿಸಿ ಖರ್ಚುಮಾಡುತ್ತಿದ್ದ ಮನೆಗಳು ದಿನಕ್ಕೊಂದು ಜಿ.ಬಿ. ಮುಗಿಸುವುದನ್ನು ಕಲಿತವು.

ಈಗ ಮೊದಲ ವಿಷಯಕ್ಕೆ, ತಯಾರಿಕೆಗೆ ಬರುತ್ತೇನೆ.

ಬೆಂಗಳೂರಿನ ಹೊರವಲಯದಲ್ಲಿ ಶೂಟಿಂಗ್ ಮನೆಗಳಿವೆ. ಧಾರಾವಾಹಿಗೆಂದೇ ಬಾಡಿಗೆಗೆ ಸಿಗುವ ಮನೆಗಳು: ದೊಡ್ಡ ಹಾಲ್, ನಡುವೆ ಬಾಗಿ ಇಳಿಯುವ ಮೆಟ್ಟಿಲು, ಅಡುಗೆಮನೆ, ದೇವರ ಮೂಲೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಕಂತು ಪ್ರಸಾರವಾಗಬೇಕು, ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ಇಪ್ಪತ್ತೆರಡು ನಿಮಿಷದ ಕಥೆ ಬೇಕು. ಹಾಗಾಗಿ ದಿನಕ್ಕೆ ಸುಮಾರು ಒಂದು ಕಂತು ಮುಗಿಸಲೇಬೇಕು. ಕೈಯಲ್ಲಿ ಕೆಲವು ಕಂತುಗಳ ಬ್ಯಾಂಕ್ ಇದ್ದರೆ ನೆಮ್ಮದಿ. ಇಲ್ಲವಾದರೆ ಬೆಳಗ್ಗೆ ಬರೆದದ್ದು ಮಧ್ಯಾಹ್ನ ಶೂಟ್ ಆಗಿ, ರಾತ್ರಿ ಎಡಿಟಿಂಗ್ ಟೇಬಲ್ಲಿಗೆ ಹೋಗುತ್ತದೆ. ಅತ್ತೆ ಬಾಗಿಲಲ್ಲಿ ನಿಂತರೆ ಅವರ ಮುಖವನ್ನು ಮೂರು ಸಲ ತೋರಿಸಿ, ಮೂರು ಸಲ ಗುಡುಗು ಹಾಕುವುದನ್ನು ನಾವೆಲ್ಲ ಗೇಲಿ ಮಾಡಿದ್ದೇವೆ. ಆದರೆ ಆ ಗುಡುಗಿಗೆ ಕಾರಣವಿದೆ. ಸಂಜೆ ಏಳಕ್ಕೆ ಧಾರಾವಾಹಿ 'ನೋಡುವ' ಗೃಹಿಣಿ ನಿಜಕ್ಕೂ ಹುರುಳಿಕಾಯಿ ಹೆಚ್ಚುತ್ತ ಅದನ್ನು ಕೇಳುತ್ತಿರುತ್ತಾರೆ. ಕುಕ್ಕರ್ ಕೂಗುವಾಗ ಒಂದು ಮಾತು ತಪ್ಪಿದರೆ ಮುಂದಿನ ಮಾತಿನಲ್ಲಿ ಅದು ಮತ್ತೆ ಬರಬೇಕು. ಶಬ್ದ ಕೇಳಿ ತಲೆಯೆತ್ತಿದಾಗ ಮುಖ ಇನ್ನೂ ಪರದೆಯ ಮೇಲಿರಬೇಕು. ನನ್ನ ದೃಷ್ಟಿಯಲ್ಲಿ ದೈನಿಕ ಧಾರಾವಾಹಿ ಎಂದರೆ ಚಿತ್ರ ಅಂಟಿಸಿದ ರೇಡಿಯೊ ನಾಟಕ. ಅದನ್ನು ಸಿನಿಮಾದ ಅಳತೆಯಿಂದ ಅಳೆದದ್ದು ನಮ್ಮ ವಿಮರ್ಶಕರ ಅನ್ಯಾಯ.

ಮೊಬೈಲ್ ನೋಡುವವರ ಸ್ಥಿತಿಯೇ ಬೇರೆ. ಅವರು ಒಬ್ಬರೇ ಇದ್ದಾರೆ. ಕಿವಿಯಲ್ಲಿ ಇಯರ್‌ಫೋನ್, ಪರದೆ ಮುಖದಿಂದ ಒಂದು ಗೇಣು ದೂರ, ಹೆಬ್ಬೆರಳು ತಳ್ಳಲು ತಯಾರು. ಇಲ್ಲಿ ಮೂರು ಸಲ ಮುಖ ತೋರಿಸಿದರೆ ನಿಮ್ಮನ್ನು ತಳ್ಳಿ ಮುಂದೆ ಹೋಗುತ್ತಾರೆ. ಮೊದಲ ಕೆಲವು ಸೆಕೆಂಡುಗಳಲ್ಲಿ ವಿಷಯ ಹೇಳಲೇಬೇಕು. ದೊಡ್ಡ ಹಾಲ್‌ನ ದೂರದ ಶಾಟ್ ಇಲ್ಲಿ ಇರುವೆಸಾಲಿನಂತೆ ಕಾಣುತ್ತದೆ, ಆದ್ದರಿಂದ ಚೌಕಟ್ಟು ಮುಖಕ್ಕೆ ಹತ್ತಿರ ಬಂತು, ಅಡ್ಡವಿದ್ದದ್ದು ನೆಟ್ಟಗೆ ನಿಂತಿತು. ಬಸ್ಸಿನಲ್ಲಿ ಸದ್ದು ಬಂದ್ ಮಾಡಿ ನೋಡುವವರಿಗಾಗಿ ಮಾತನ್ನು ಅಕ್ಷರದಲ್ಲಿ ಬರೆದು ತೋರಿಸುವ ರೂಢಿ ಬಂತು. ಒಂದು ರೂಪವನ್ನು ನೋಡುಗರ ಕಿವಿ ರೂಪಿಸಿತು, ಇನ್ನೊಂದನ್ನು ನೋಡುಗರ ಬೆರಳು ರೂಪಿಸುತ್ತಿದೆ.

ತಯಾರಿಕೆಯ ವೆಚ್ಚದ ಮಾತು. ಬೀಟಾಕ್ಯಾಂ ಕ್ಯಾಮೆರಾಗಳ ಕಾಲದಲ್ಲಿ ಹೊರಾಂಗಣಕ್ಕೆ ಹೊರಟರೆ ಕ್ಯಾಮೆರಾಮನ್, ಸಹಾಯಕ, ಲೈಟಿನವರು, ಸೌಂಡಿನವರು, ವಾಹನ, ಎಲ್ಲದಕ್ಕೂ ದಿನದ ಬಾಡಿಗೆ. ಆದ್ದರಿಂದಲೇ ಕನ್ನಡ ಚಾನೆಲ್‌ಗಳಲ್ಲಿ ಪರದೇಶದ ಪ್ರವಾಸ ಕಥನಕ್ಕೆ ಜಾಗವೇ ಇರಲಿಲ್ಲ. ಈಗ ನೋಡಿ: 'ಡಾ. ಬ್ರೋ' ಎಂದು ಹೆಸರಾದ ಯುವಕ ಕೈಯಲ್ಲೊಂದು ಕ್ಯಾಮೆರಾ ಹಿಡಿದು ಅಫ್ಘಾನಿಸ್ತಾನದ ಬೀದಿಯಲ್ಲಿ ನಿಂತು ಕನ್ನಡದಲ್ಲಿ ಮಾತಾಡುತ್ತಾರೆ, ನಮ್ಮ ಹಳ್ಳಿಯ ಅಜ್ಜಿ ಅದನ್ನು ಮೊಮ್ಮಗನ ಮೊಬೈಲಿನಲ್ಲಿ ನೋಡುತ್ತಾರೆ. ಕಾಸರಗೋಡಿನ ಕಡೆಯ ಹಳ್ಳಿಮನೆಯಿಂದ ಬರುವ 'ಭಟ್ ಎನ್ ಭಟ್' ಅಡುಗೆ ವಿಡಿಯೊಗಳನ್ನೂ ಗಮನಿಸಿ. ಟಿ.ವಿ.ಯ ಅಡುಗೆ ಕಾರ್ಯಕ್ರಮಕ್ಕೆ ಸ್ಟುಡಿಯೊ, ಗ್ರಾನೈಟ್ ಕಟ್ಟೆ, ಕಟ್ಟೆಯ ಮೇಲೆ ಪ್ರಾಯೋಜಕರ ಎಣ್ಣೆ ಪ್ಯಾಕೆಟ್ ಕ್ಯಾಮೆರಾಕ್ಕೆ ಮುಖ ಮಾಡಿ ಇರಬೇಕಿತ್ತು. ಇಲ್ಲಿ ಹಲಸಿನ ಕಾಲ ಬಂದರೆ ಹಲಸು. ಕರ್ನಾಟಕದ ಗಡಿಯಾಚೆಗಿನ ಒಂದು ಕನ್ನಡ ಮನೆಯ ಅಡುಗೆಗೆ ಯಾವ ಚಾನೆಲ್ಲಾದರೂ ಸ್ಲಾಟ್ ಕೊಡುತ್ತಿತ್ತೇ? ನನಗೆ ಅನುಮಾನ.

ಸುದ್ದಿಯಲ್ಲೂ ಇದೇ ಆಯಿತು. ನೇರಪ್ರಸಾರದ ಓ.ಬಿ. ವ್ಯಾನು ಹೋಗದ ಕಡೆ ಹಲವು ಸಿಮ್‌ಗಳ ಡೇಟಾವನ್ನು ಒಟ್ಟುಗೂಡಿಸಿ ಕಳಿಸುವ ಬ್ಯಾಕ್‌ಪ್ಯಾಕ್ ಹೋಯಿತು, ಅದೂ ಹೋಗದ ಕಡೆ ಊರವರ ಮೊಬೈಲ್ ಇತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮನೆಗಳು ಕುಸಿಯುವ ದೃಶ್ಯಗಳನ್ನು ನಾಡು ನೋಡಿದ್ದು ಅಲ್ಲಿನ ಜನ ತೆಗೆದ ಮೊಬೈಲ್ ವಿಡಿಯೊಗಳಲ್ಲಿ.

ಇದರಲ್ಲಿ ಕಳೆದುಕೊಂಡದ್ದೂ ಇದೆ. ಒಬ್ಬರೇ ಬರೆದು, ಶೂಟ್ ಮಾಡಿ, ಎಡಿಟ್ ಮಾಡಿ, ತಂಬ್‌ನೇಲ್ ಹಾಕಿ ಏರಿಸುವ ಪದ್ಧತಿಯಲ್ಲಿ ಸೌಂಡ್ ರೆಕಾರ್ಡಿಸ್ಟ್ ಎಂಬ ಕಸುಬುದಾರ ಇಲ್ಲ. 'ಇದು ನಿಜವೇ, ಯಾರು ಹೇಳಿದರು' ಎಂದು ಕೇಳುವ ಡೆಸ್ಕಿನ ಹಿರಿಯರೂ ಇಲ್ಲ. ನಮ್ಮ ಕೆಲವು ಯೂಟ್ಯೂಬ್ ಸುದ್ದಿ ವಾಹಿನಿಗಳನ್ನು ಐದು ನಿಮಿಷ ನೋಡಿದರೆ ಆ ಹಿರಿಯರ ಬೆಲೆ ತಿಳಿಯುತ್ತದೆ. (ಕೆಲವು ಉಪಗ್ರಹ ವಾಹಿನಿಗಳನ್ನು ನೋಡಿದರೂ ತಿಳಿಯುತ್ತದೆ, ಅದು ಬೇರೆ ಮಾತು.)

ಇನ್ನು ಎರಡನೆಯದು, ವಿತರಣೆ. ಇಲ್ಲಿ ಸ್ವಲ್ಪ ತಾಂತ್ರಿಕ ಮಾತು ಬೇಕಾಗುತ್ತದೆ, ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಪ್ರಸಾರ ಗೋಪುರದ ಗುಣ ಏನೆಂದರೆ, ಅದರ ವ್ಯಾಪ್ತಿಯಲ್ಲಿ ಒಬ್ಬರು ನೋಡಿದರೂ, ಹತ್ತು ಲಕ್ಷ ಜನ ನೋಡಿದರೂ ಕಳಿಸುವ ಖರ್ಚು ಒಂದೇ. ಇಂಟರ್ನೆಟ್ ಹಾಗಲ್ಲ. ನೀವು ಮೊಬೈಲಿನಲ್ಲಿ ಪಂದ್ಯ ನೋಡಿದರೆ ಸರ್ವರಿನಿಂದ ನಿಮಗೇ ಒಂದು ಪ್ರತ್ಯೇಕ ಪ್ರತಿ ಹೊರಡುತ್ತದೆ, ಪಕ್ಕದವರಿಗೆ ಇನ್ನೊಂದು. ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಂಡುಗಳನ್ನಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಇಟ್ಟಿರುತ್ತಾರೆ. ಆಗುಂಬೆ ಘಾಟಿಯಲ್ಲಿ ಸಿಗ್ನಲ್ ಬಿದ್ದರೆ ಚಿತ್ರ ಮಸುಕಾಗಿ ಮತ್ತೆ ತಿಳಿಯಾಗುವುದು ಈ ಕಾರಣಕ್ಕೆ. ನೋಡುವವರು ಹೆಚ್ಚಿದಷ್ಟೂ ಖರ್ಚು ಹೆಚ್ಚುತ್ತದೆ. 2023ರ ನವೆಂಬರ್ 19ರ ಕ್ರಿಕೆಟ್ ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡುತ್ತಿದ್ದ ಗಳಿಗೆಯಿತ್ತು. ಅಷ್ಟೂ ಪ್ರತಿಗಳನ್ನು ಕಳಿಸುವ ತಾಕತ್ತು ಕೆಲವೇ ಕೆಲವು ಕಂಪನಿಗಳಿಗಿದೆ. 'ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಚಾನೆಲ್ ಆಗಬಹುದು' ಎಂಬ ಮಾತು ಅರ್ಧ ಸತ್ಯ. ವಿಡಿಯೊ ಏರಿಸುವುದು ಯಾರಿಂದಲೂ ಸಾಧ್ಯ. ಕೋಟಿ ಜನಕ್ಕೆ ತಡೆಯಿಲ್ಲದೆ ಮುಟ್ಟಿಸುವುದು ದೊಡ್ಡ ಬಂಡವಾಳದ ಕೆಲಸ.

ಬಂಡವಾಳ ಯಾವ ಕಡೆ ಹರಿಯಿತು ಎಂಬುದಕ್ಕೆ ಒಂದೇ ಲೆಕ್ಕ ಸಾಕು. 2022ರ ಜೂನಿನಲ್ಲಿ ಐಪಿಎಲ್‌ನ ಐದು ವರ್ಷಗಳ ಪ್ರಸಾರ ಹಕ್ಕು ಹರಾಜಾದಾಗ ಭಾರತದ ಟಿ.ವಿ. ಹಕ್ಕು 23,575 ಕೋಟಿ ರೂಪಾಯಿಗೆ ಹೋಯಿತು. ಡಿಜಿಟಲ್ ಹಕ್ಕು 23,758 ಕೋಟಿಗೆ ಹೋಯಿತು. ಮೊಬೈಲ್ ಮೊದಲ ಬಾರಿಗೆ ಟಿ.ವಿ.ಯನ್ನು ದಾಟಿತು. ಮರುವರ್ಷ ಜಿಯೊಸಿನಿಮಾ ಕನ್ನಡವೂ ಸೇರಿದಂತೆ ಹನ್ನೆರಡು ಭಾಷೆಗಳಲ್ಲಿ ಪಂದ್ಯಗಳನ್ನು ಪುಕ್ಕಟೆ ತೋರಿಸಿತು.

ಈ ಪಲ್ಲಟದಲ್ಲಿ ನಮ್ಮ ಕೇಬಲ್‌ನವರನ್ನು ಮರೆಯಬಾರದು. ತೊಂಬತ್ತರ ದಶಕದಲ್ಲಿ ತಾರಸಿಯ ಮೇಲೆ ಡಿಷ್ ನಿಲ್ಲಿಸಿ, ತೆಂಗಿನಮರದಿಂದ ವಿದ್ಯುತ್ ಕಂಬಕ್ಕೆ ವೈರ್ ಎಳೆದು, ತಿಂಗಳಿಗೊಮ್ಮೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಿದ್ದವರು ಅವರು. ಊರಿನ ರಥೋತ್ಸವ, ಶಾಲಾ ವಾರ್ಷಿಕೋತ್ಸವ, ಕರಾವಳಿಯಲ್ಲಾದರೆ ಯಕ್ಷಗಾನ, ಎಲ್ಲವನ್ನೂ ತಮ್ಮದೇ ಲೋಕಲ್ ಚಾನೆಲ್ಲಿನಲ್ಲಿ ತೋರಿಸಿದರು. ಬೆಂಗಳೂರು, ಮೈಸೂರುಗಳಲ್ಲಿ 2013ರಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರ ಫೆಬ್ರುವರಿಯಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ದರ ಪದ್ಧತಿ ಬಂದು, ನೂರು ಚಾನೆಲ್ಲಿಗೆ 130 ರೂಪಾಯಿ ಮೂಲ ಶುಲ್ಕ, ಅದರ ಮೇಲೆ ತೆರಿಗೆ, ಅದರ ಮೇಲೆ ಬೇಕಾದ ಚಾನೆಲ್‌ಗಳ ಬೆಲೆ ಎಂದಾಯಿತು. ಅಪ್ಪ ಅಮ್ಮ ಕೂತು ಯಾವ ಚಾನೆಲ್ ಇರಲಿ, ಯಾವುದು ಬೇಡ ಎಂದು ಲೆಕ್ಕ ಹಾಕುತ್ತಿದ್ದ ದಿನಗಳಲ್ಲೇ ಮಗನ ಮೊಬೈಲಿನಲ್ಲಿ ಎಲ್ಲವೂ ಬರುತ್ತಿತ್ತು. ನಿಯಂತ್ರಣ ಒಂದು ಕಡೆ ಬಿಗಿಯಾಯಿತು, ಜನ ಇನ್ನೊಂದು ಕಡೆಯಿಂದ ಹೊರಟುಹೋದರು. ಅದೇ ಲೋಕಲ್ ಯಕ್ಷಗಾನ ಈಗ ಯೂಟ್ಯೂಬ್ ಲೈವ್ ಆಗಿ ಮುಂಬಯಿಯ, ದುಬೈಯ ಕರಾವಳಿ ಕನ್ನಡಿಗರನ್ನು ತಲುಪುತ್ತಿದೆ. ಕೇಬಲ್‌ನವರಲ್ಲಿ ಜಾಣರಾದವರು ಬ್ರಾಡ್‌ಬ್ಯಾಂಡ್ ಕೊಡತೊಡಗಿದರು.

ಹಾಗಾದರೆ ಗೋಪುರದ ಕಾಲ ಮುಗಿಯಿತೇ? ದೂರದರ್ಶನವೇ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು 2022ರ ಹೊತ್ತಿಗೆ ಬಹುಪಾಲು ನಿಲ್ಲಿಸಿಬಿಟ್ಟಿತು. ಆದರೂ ಪ್ರಸಾರದ ತತ್ತ್ವ ಸತ್ತಿಲ್ಲ. ಕೋವಿಡ್ ಸಮಯದಲ್ಲಿ ಶಾಲೆ ಮುಚ್ಚಿದಾಗ, ಮೊಬೈಲ್ ಇಲ್ಲದ ಮಕ್ಕಳಿಗೂ ಪಾಠ ತಲುಪಲೆಂದು 'ಸಂವೇದ' ತರಗತಿಗಳನ್ನು ದೂರದರ್ಶನದ ಚಂದನ ವಾಹಿನಿ ಪ್ರಸಾರ ಮಾಡಿತು. ಮನೆಯಲ್ಲಿ ಇದ್ದ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು, ಟಿ.ವಿ. ಮನೆಯಲ್ಲೇ ಇರುತ್ತಿತ್ತು. ಸಿಮ್, ಡೇಟಾ ಯಾವುದೂ ಇಲ್ಲದೆ ಗೋಪುರದಿಂದ ನೇರವಾಗಿ ಮೊಬೈಲಿಗೆ ಪ್ರಸಾರ ಮಾಡುವ 'ಡೈರೆಕ್ಟ್ ಟು ಮೊಬೈಲ್' ತಂತ್ರಜ್ಞಾನದ ಪ್ರಯೋಗವೂ ನಡೆದಿದೆ. ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದರಲ್ಲಿ ಮುಖ್ಯ ಪಾತ್ರ ವಹಿಸಿದೆ, ಪ್ರಯೋಗ ನಡೆದ ನಗರಗಳಲ್ಲಿ ಬೆಂಗಳೂರೂ ಒಂದು. ಮೊಬೈಲ್ ಕಂಪನಿಗಳಿಗೆ ಇದು ರುಚಿಸುವ ವಿಚಾರವಲ್ಲ, ಏಕೆಂದು ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ವಿಷಯ, ನನ್ನ ಪ್ರಕಾರ ಮುಖ್ಯವಾದದ್ದು: ಯಾವುದು ನೋಡುಗರ ಮುಂದೆ ಬರಬೇಕೆಂದು ತೀರ್ಮಾನಿಸುವವರು ಯಾರು?

ಹಿಂದೆ ಈ ಅಧಿಕಾರ ಚಾನೆಲ್ಲಿನ ಫಿಕ್ಷನ್ ವಿಭಾಗದ ಮುಖ್ಯಸ್ಥರ ಕೈಯಲ್ಲಿತ್ತು, ಅವರ ಕೊರಳು ಟಿ.ಆರ್.ಪಿ.ಯ ಕೈಯಲ್ಲಿತ್ತು. ಗುರುವಾರ ನೋಡುಗರ ಸಂಖ್ಯೆ ಅಳೆಯುವ ಬಾರ್ಕ್‌ನ ಅಂಕಿ ಬಂದರೆ ಒಂದು ಪಾತ್ರ ಸಾಯಬಹುದು, ಒಂದು ಧಾರಾವಾಹಿಯೇ ನಿಲ್ಲಬಹುದು. ಆ ಅಂಕಿ ಬರುತ್ತಿದ್ದದ್ದು, 2020ರ ಸುಮಾರಿಗೆ, ಇಡೀ ದೇಶದಲ್ಲಿ 44,000 ಮನೆಗಳ ಮೀಟರುಗಳಿಂದ. ಅದರಲ್ಲೂ ಕೈವಾಡದ ಆರೋಪ ಬಂದು 2020ರ ಅಕ್ಟೋಬರಿನಿಂದ 2022ರ ಮಾರ್ಚಿನವರೆಗೆ ಸುದ್ದಿ ವಾಹಿನಿಗಳ ರೇಟಿಂಗನ್ನೇ ನಿಲ್ಲಿಸಬೇಕಾಯಿತು. ಇದಕ್ಕೆ ಹೋಲಿಸಿದರೆ ಪ್ರತಿ ನೋಟವನ್ನೂ ಎಣಿಸುವ ಯೂಟ್ಯೂಬ್ ಪ್ರಾಮಾಣಿಕ ಎನಿಸುತ್ತದೆ. ಜಾಹೀರಾತಿನ ಆದಾಯದಲ್ಲಿ ಶೇ. 55ನ್ನು ದೊಡ್ಡ ವಿಡಿಯೊ ಮಾಡಿದವರಿಗೆ, ಶೇ. 45ನ್ನು 'ಶಾರ್ಟ್ಸ್' ಎಂಬ ಕಿರು ವಿಡಿಯೊ ಮಾಡಿದವರಿಗೆ ಕೊಡುತ್ತದೆ. ಕಂತಿಗಿಷ್ಟು ಎಂದು ಪಡೆದು ಹಕ್ಕನ್ನೆಲ್ಲ ಬಿಟ್ಟುಕೊಡುವ ಧಾರಾವಾಹಿ ನಿರ್ಮಾಪಕರಿಗೆ ಇದು ಕನಸು.

ಆದರೆ ಎಣಿಸುವವರು, ಹಣ ಹಂಚುವವರು, ಮುಂದಿನ ವಿಡಿಯೊ ಯಾವುದೆಂದು ಸೂಚಿಸುವವರು ಮೂವರೂ ಒಬ್ಬರೇ ಆಗಿಬಿಟ್ಟರು. ಚಾನೆಲ್ ಮುಖ್ಯಸ್ಥರ ಕೋಣೆಯ ಹೊರಗೆ ಕಾದು ಕೂತು ವಾದ ಮಾಡಬಹುದಿತ್ತು. ಮುಂದಿನ ವಿಡಿಯೊ ಸೂಚಿಸುವ ಅಲ್ಗಾರಿದಮ್ಮಿಗೆ ಕೋಣೆಯೇ ಇಲ್ಲ. ಸೈಟ್ ಉಪಗ್ರಹ ವರ್ಷ ತುಂಬಿದಾಗ ಹೊರಟುಹೋದದ್ದನ್ನು ಆಗಲೇ ಹೇಳಿದೆ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಆದದ್ದೂ ಅದೇ. ನಿಷೇಧಕ್ಕೆ ಸರ್ಕಾರ ತನ್ನ ಕಾರಣ ಕೊಟ್ಟಿತ್ತು, ಅದನ್ನು ನಾನು ಚರ್ಚಿಸುತ್ತಿಲ್ಲ. ಆದರೆ ಹಳ್ಳಿಗಳಲ್ಲಿ ಕುಣಿದು, ನಟಿಸಿ ಲಕ್ಷಗಟ್ಟಲೆ ನೋಡುಗರನ್ನು ಗಳಿಸಿಕೊಂಡಿದ್ದ ಹುಡುಗ ಹುಡುಗಿಯರು ಬೆಳಗಾಗುವಷ್ಟರಲ್ಲಿ ಬರಿಗೈಯಾದರು. ಬೇರೆಯವರ ದಾರಿಯಲ್ಲಿ ನಡೆಯುವವರಿಗೆ ದಾರಿ ಮುಚ್ಚುವ ದಿನ ಗೊತ್ತಿರುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಸಿನಿಮಾ, ಸರಣಿ ತೋರಿಸುವ ಒಟಿಟಿ ಕಂಪನಿಗಳ ವಿಷಯದಲ್ಲಿ ಕನ್ನಡಿಗರ ಅನುಭವ ಇನ್ನೂ ಕಹಿ. ತಮಿಳು, ತೆಲುಗು, ಮಲಯಾಳಂಗಳಲ್ಲಿ ವೆಬ್ ಸರಣಿಗಳಿಗೆ ಹಣ ಹಾಕಿದ ದೊಡ್ಡ ವೇದಿಕೆಗಳು ಕನ್ನಡಕ್ಕೆ ಬಂದಾಗ ಕೈ ಬಿಗಿ ಹಿಡಿದವು. ನಟ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಕರಾವಳಿಯ ಕಥೆಗಳ 'ಏಕಂ' ಸರಣಿಯನ್ನು ಸಿದ್ಧಪಡಿಸಿ ವರ್ಷಗಟ್ಟಲೆ ಕಾದರೂ ಯಾವ ವೇದಿಕೆಯೂ ಅದನ್ನು ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಟಿಕೆಟ್ ಇಟ್ಟು ಬಿಡುಗಡೆ ಮಾಡಿದರು. ಹೆಸರಿರುವ ನಟ, ನಿರ್ಮಾಪಕರಿಗೇ ಹೀಗಾದರೆ ಹೊಸಬರ ಪಾಡೇನು? ಇದರ ಜೊತೆಗೆ ಇನ್ನೊಂದು ತಿರುವು: ಅರವತ್ತರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ತಡೆದು ನಿಲ್ಲಿಸಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಸಲ್ಲದೆಂದಿತು. ಆದರೆ ತಡೆಯನ್ನು ನಿಜವಾಗಿ ಮುಗಿಸಿದ್ದು ಆಯೋಗವಲ್ಲ, ಮೊಬೈಲು. ಚಿತ್ರಮಂದಿರದ ಮುಂದೆ ಪ್ರತಿಭಟನೆ ಮಾಡಬಹುದು, ಜೇಬಿನ ಮುಂದೆ ಮಾಡಲಾಗುವುದಿಲ್ಲ. ಡಬ್ಬಿಂಗ್ ಬಂದದ್ದರಿಂದ ನೋಡುಗರಿಗೆ ಲಾಭವೇ ಆಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಬೇರೆಡೆ ಮಾಡಿದ್ದನ್ನು ಕನ್ನಡಕ್ಕಿಳಿಸಿ ಕೊಟ್ಟರೆ ಸಾಕೆಂದು ಕಂಪನಿಗಳು ಸುಮ್ಮನಾಗಲು ಅದೇ ನೆಪವಾಯಿತು.

ಕೊನೆಯದಾಗಿ ಹಕ್ಕುಗಳ ಮಾತು. ಇದನ್ನು ಚುಟುಕಾಗಿ ಹೇಳುತ್ತೇನೆ, ಆದರೆ ಈ ಸಭೆಯಲ್ಲಿರುವ ಬರಹಗಾರರು, ನಿರ್ದೇಶಕರು ಬರೆದಿಟ್ಟುಕೊಂಡರೆ ಒಳ್ಳೆಯದು.

ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ನಿರ್ದೇಶಿಸಿದ 'ಮಾಯಾಮೃಗ' ಧಾರಾವಾಹಿ 1998ರಲ್ಲಿ ದೂರದರ್ಶನದಲ್ಲಿ ಬಂತು. ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದಮೇಲೆ ಅದು ಯೂಟ್ಯೂಬಿನಲ್ಲಿ ಮತ್ತೆ ಸಿಕ್ಕಿತು. ಆಗ ಹುಟ್ಟಿರದ ಹುಡುಗರೂ ನೋಡಿದರು. ಪೇಟೆಯಲ್ಲಿ ಹಳೆಯ ಧಾರಾವಾಹಿಗೆ ಬೆಲೆಯಿಲ್ಲ ಎಂಬ ನಂಬಿಕೆ ಅಲ್ಲಿ ಮುರಿಯಿತು. ಹಳೆಯ ಕಂತುಗಳು ಈಗ ಆಸ್ತಿ. ಆ ಆಸ್ತಿ ಯಾರದ್ದು? ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಹಕ್ಕನ್ನು ಬರೆದುಕೊಟ್ಟ ಸಮಯದಲ್ಲಿ ಇಲ್ಲದಿದ್ದ ಅಥವಾ ಬಳಕೆಗೆ ಬಾರದಿದ್ದ ಮಾಧ್ಯಮಕ್ಕೆ ಆ ಬರಹ ಅನ್ವಯಿಸುವುದಿಲ್ಲ, ಒಪ್ಪಂದದಲ್ಲಿ ಆ ಮಾಧ್ಯಮದ ಹೆಸರು ಸ್ಪಷ್ಟವಾಗಿ ಇಲ್ಲದಿದ್ದರೆ. ಅವಧಿ ಹೇಳದೆ ಬರೆದುಕೊಟ್ಟರೆ ಅದು ಐದು ವರ್ಷಕ್ಕೆ ಎಂದು ಅದೇ ಕಾಯ್ದೆ ಹೇಳುತ್ತದೆ. ಕಂಪನಿಗಳ ವಕೀಲರು ಇದನ್ನು ಚೆನ್ನಾಗಿ ಓದಿದ್ದಾರೆ. ಆದ್ದರಿಂದಲೇ ಈಗಿನ ಒಪ್ಪಂದಗಳಲ್ಲಿ ಎಲ್ಲ ಮಾಧ್ಯಮಗಳಿಗೆ, ಎಲ್ಲ ದೇಶಗಳಿಗೆ, ಎಲ್ಲ ಕಾಲಕ್ಕೆ ಎಂಬ ಸಾಲು ತಪ್ಪದೆ ಇರುತ್ತದೆ.

ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ 'ವೇವ್ಸ್' ಎಂಬ ತನ್ನದೇ ಒಟಿಟಿಯನ್ನು ಆರಂಭಿಸಿದೆ. ಬೆಂಗಳೂರು ಕೇಂದ್ರ ನಾಲ್ಕು ದಶಕಗಳಲ್ಲಿ ರೆಕಾರ್ಡ್ ಮಾಡಿದ ಸಂದರ್ಶನ, ನಾಟಕ, ಸಂಗೀತ, ಕೃಷಿ ಕಾರ್ಯಕ್ರಮಗಳು ಜನರ ಹಣದಿಂದ ಆದವು. ಅವು ಕ್ರಮವಾಗಿ, ದಿನಾಂಕ ಮತ್ತು ವಿವರಗಳೊಂದಿಗೆ, ಕನ್ನಡದಲ್ಲಿ ಹುಡುಕಿದರೆ ಸಿಗುವಂತೆ ಎಲ್ಲರಿಗೂ ದೊರೆಯಬೇಕು. ವಿಶ್ವವಿದ್ಯಾಲಯಗಳು ಇದನ್ನು ಬರವಣಿಗೆಯಲ್ಲಿ ಕೇಳಬೇಕು. ಈ ಪತ್ರಿಕೋದ್ಯಮ ವಿಭಾಗವೇ ಮೊದಲ ಪತ್ರ ಬರೆದರೆ ನನಗೆ ಸಂತೋಷ. ಇನ್ನು ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಹಲವರು ಮುಂದಿನ ಕೆಲವೇ ವರ್ಷಗಳಲ್ಲಿ ಯಾವುದೋ ಚಾನೆಲ್ಲಿಗೋ ಒಟಿಟಿಗೋ ಕಥೆ ಕೊಟ್ಟು ಒಪ್ಪಂದಕ್ಕೆ ಸಹಿ ಹಾಕಲಿದ್ದೀರಿ. ಸಹಿ ಹಾಕುವ ಮುನ್ನ ಹಕ್ಕಿನ ಕಲಮನ್ನು ಎರಡು ಸಲ ಓದಿ, ಅವಧಿಯನ್ನು ಅಂಕಿಯಲ್ಲಿ ಬರೆಸಿ, ನೀವು ಶೂಟ್ ಮಾಡಿದ್ದರ ಮೂಲ ಪ್ರತಿಯೊಂದನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ.